ಬಿ. ಎಲ್. ರೈಸ್ ಮತ್ತು ಕೋಡಿಯ ಮಠದ ಶಾಸನ

ಕನ್ನಡ ನಾಡಿನ ಶಾಸನ ಪಿತಾಮಹರೆಂದು ಪ್ರಖ್ಯಾತರಾದ ಬೆಂಜಮಿನ್ ಲೂಯಿಸ್ ರೈಸ್ ಅವರು ವೃತ್ತಿಯನ್ನು ಆರಂಭಿಸಿದುದು ಉಪಾಧ್ಯಾಯರಾಗಿ. 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಕ್ರೈಸ್ತ ಪಾದ್ರಿಯೊಬ್ಬರ ಪುತ್ರರು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಕೆಲವೇ ವರ್ಷಗಳಲ್ಲಿ ಮೈಸೂರು ಮತ್ತು ಕೊಡಗಿನ ಶಾಲಾ ತನಿಖಾಧಿಕಾರಿಗಳಾದರು.

ಶಾಲೆಗಳ ತನಿಖೆಗೆಂದು ಸಂಚರಿಸುತ್ತಿದ್ದ ಅವರ ದೃಷ್ಟಿ ಗುಡಿಯ ಅಂಗಳದಲ್ಲಿಯೂ ಕೆರೆಯ ಏರಿಯ ಮೇಲೆಯೂ ನಿಂತಿದ್ದ ಬರಹದ ಕಲ್ಲುಗಳತ್ತ ಹರಿಯಿತು. ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿಸಿ, ಅನುವಾದಿಸಿ, 1879ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮುಂದೆ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ಹೊರಬರತೊಡಗಿದವು. ಪಂಡಿತರ ನೆರವಿನಿಂದ ಹನ್ನೆರಡು ಸಂಪುಟಗಳಲ್ಲಿ ಅವರು ಬೆಳಕಿಗೆ ತಂದ ಶಾಸನಗಳು ಸುಮಾರು 9,000. ಸಿಂಧಘಟ್ಟವನ್ನು ಒಳಗೊಂಡ ಕೃಷ್ಣರಾಜಪೇಟೆ ತಾಲ್ಲೂಕಿನ ಶಾಸನಗಳು ಸೇರಿರುವುದು 1898ರ ನಾಲ್ಕನೆಯ ಸಂಪುಟದಲ್ಲಿ.

ವಿದ್ಯಾಸಂಸ್ಥೆಗಳನ್ನು ನಡೆಸುವವರು ವಿಶೇಷವಾಗಿ ನೆನೆಯಬೇಕಾದುದು 1902ರ ಏಳನೆಯ ಸಂಪುಟವನ್ನು. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಪ್ರಸಿದ್ಧವಾದ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಶಾಸನಗಳು ಅದರಲ್ಲಿವೆ. ಅಲ್ಲಿ ಕೆರೆಯ ಸಮೀಪದಲ್ಲಿ ಕೇದಾರೇಶ್ವರನ ತ್ರಿಕೂಟ ದೇವಾಲಯವು ಇಂದಿಗೂ ನಿಂತಿದೆ. ಮೂರು ಗರ್ಭಗೃಹಗಳು, ಅವನ್ನು ಒಂದುಗೂಡಿಸುವ ಕಂಬಗಳ ಮಂಟಪ, ಮೇಲೆ ಕೆತ್ತನೆಯ ಶಿಖರಗಳು ನೋಡುವವರ ಮನಸ್ಸನ್ನು ಸೆಳೆಯುತ್ತವೆ. ಈ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಶೈವಾಚಾರ್ಯರ ಮಹಾಪೀಠವಾಗಿತ್ತು. ದೇಗುಲದ ಶಿಲೆಗಳು ಶಿಲ್ಪಿಯ ಕೌಶಲವನ್ನು ಸಾರುತ್ತವೆ. ಮಠದೊಳಗೆ ನಡೆಯುತ್ತಿದ್ದ ಕಾರ್ಯಗಳನ್ನು ಅವು ಹೇಳಲಾರವು.

ಅದನ್ನು ತಿಳಿಸುವುದು, ಬಸವಣ್ಣನವರ ಕಾಲದ ಕಳಚುರಿ ಬಿಜ್ಜಳನು ದತ್ತಿ ನೀಡಿದ 1162ರ ಶಾಸನ. ವಾಮಶಕ್ತಿಯತಿಗಳು ಆಗ ಮಠದ ಆಚಾರ್ಯರು. ನಾಲ್ಕು ವೇದಗಳು, ಪಾಣಿನಿ ಮೊದಲಾದವರ ವ್ಯಾಕರಣಗಳು, ಷಡ್ದರ್ಶನಗಳು, ಯೋಗ, ಪುರಾಣ, ಕಾವ್ಯ, ನಾಟಕಗಳ ವ್ಯಾಖ್ಯಾನವು ಅಲ್ಲಿ ನಡೆಯುತ್ತಿತ್ತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಅನ್ನವಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು, ಸಕಲ ಜೀವಿಗಳಿಗೂ ಅಭಯವಿತ್ತು. ವಿದ್ಯೆ, ಅನ್ನ, ಔಷಧಗಳೆಂಬ ತ್ರಿವಿಧ ದಾನವು ಒಂದೇ ಆವರಣದಲ್ಲಿ ನೆರವೇರುತ್ತಿತ್ತು. ಈ ಒಂದು ಶಾಸನವು ಅಳಿದುಹೋಗಿದ್ದರೆ, ಕೇದಾರೇಶ್ವರವು ಸುಂದರವಾದ ಮತ್ತೊಂದು ಗುಡಿಯಾಗಿ ಮಾತ್ರ ನಮಗೆ ಕಾಣುತ್ತಿತ್ತು. ಅದರ ನೆರಳಿನಲ್ಲಿ ಬೆಳೆದ ವಿದ್ಯಾಪೀಠದ ಈ ಚಿತ್ರ ನಮಗೆ ದೊರೆಯುತ್ತಿರಲಿಲ್ಲ.

1906ರಲ್ಲಿ ನಿವೃತ್ತರಾದ ರೈಸ್ ಅವರು ಇಂಗ್ಲೆಂಡಿಗೆ ತೆರಳಿದರು. 1909ರಲ್ಲಿ, ಶಾಸನಗಳನ್ನೇ ಆಧರಿಸಿ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಪ್ರಕಟಿಸಿ, 1927ರಲ್ಲಿ ಕಾಲವಾದರು. ಶಾಲೆಗಳನ್ನು ತನಿಖೆ ಮಾಡಲು ಹೊರಟ ಅಧಿಕಾರಿಯೊಬ್ಬರು, ಏಳೂವರೆ ಶತಮಾನಗಳ ಹಿಂದಿನ ಶಾಲೆಯೊಂದರ ವೃತ್ತಾಂತವನ್ನು ನಾಡಿಗೆ ಮರಳಿ ಒಪ್ಪಿಸಿದರು. ಮಠದ ನೆರಳಿನಲ್ಲಿ ಅಕ್ಷರ ಕಲಿತವರೆಲ್ಲರ ಮೇಲೆಯೂ ಅವರ ಋಣವಿದೆ.