ಪೀಟರ್ ಕ್ರೊಪೊಟ್ಕಿನ್

ಪ್ರಭುತ್ವವೇ ಬೇಡವೆನ್ನುವ ಅರಾಜಕತಾವಾದವೆಂದೊಡನೆ ಅನೇಕರಿಗೆ ಬಾಂಬು, ಕೊಲೆಗಳೇ ನೆನಪಾಗುವುವು. ಆದರೆ ಆ ವಾದದ ಹಿರಿಯ ಗ್ರಂಥಕಾರನಾದ ಪೀಟರ್ ಕ್ರೊಪೊಟ್ಕಿನ್ ಭೂಗೋಳ ವಿಜ್ಞಾನಿ. 1842ರಲ್ಲಿ ಮಾಸ್ಕೋದಲ್ಲಿ, ಸುಮಾರು 1200 ಜೀತದಾಳುಗಳ ಒಡೆಯನಾಗಿದ್ದ ಶ್ರೀಮಂತನ ಮಗನಾಗಿ ಜನಿಸಿದನು. ಝಾರ್ ದೊರೆಯ ಆಸ್ಥಾನದ ಪರಿಚಯವಿದ್ದೂ ಸುಖದ ಹುದ್ದೆಯನ್ನು ಬಯಸದೆ 1862ರಲ್ಲಿ ಸೈಬೀರಿಯಾಕ್ಕೆ ತೆರಳಿದನು. ಪ್ರಾಣಿಗಳಲ್ಲಿ ಉಗ್ರ ಪೈಪೋಟಿಯನ್ನು ನಿರೀಕ್ಷಿಸಿದ್ದವನು ಅಲ್ಲಿ ಒಂದಕ್ಕೊಂದು ಆಸರೆಯಾಗಿ ಬಾಳುವ ಹಿಂಡುಗಳನ್ನು ಕಂಡನು.

1871ರಲ್ಲಿ ರಷ್ಯದ ಭೂಗೋಳ ಸಂಘದ ಕಾರ್ಯದರ್ಶಿ ಪದವಿ ತಾನಾಗಿ ಬಂದಿತು. ರೈತರಿಗೆ ರೊಟ್ಟಿಯೇ ಇಲ್ಲದಿರುವಾಗ ತಾನೊಬ್ಬನೇ ಜ್ಞಾನದ ಆನಂದವನ್ನು ಸವಿಯುವುದು ಸಲ್ಲದೆಂದು ಅದನ್ನು ನಿರಾಕರಿಸಿದನು. ಅವನ ಬಾಳಿನಲ್ಲಿ ಇದಕ್ಕಿಂತ ದೊಡ್ಡ ತ್ಯಾಗವಿಲ್ಲ. 1874ರಲ್ಲಿ ಸೆರೆ, 1876ರಲ್ಲಿ ಪಲಾಯನ, ಫ್ರಾನ್ಸಿನಲ್ಲಿ ಮತ್ತೆ ಸೆರೆ, ಅನಂತರ ಇಂಗ್ಲೆಂಡಿನಲ್ಲಿ ದೀರ್ಘ ವಾಸ. ವಿಕಾಸಕ್ಕೆ ಪರಸ್ಪರ ಸಹಾಯವೂ ಕಾರಣವೆಂದು ವಾದಿಸಿದ ಅವನ ಪ್ರಸಿದ್ಧ ಗ್ರಂಥವು 1902ರಲ್ಲಿ ಹೊರಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಅವನು ಮಿತ್ರರಾಷ್ಟ್ರಗಳ ಪಕ್ಷ ವಹಿಸಿದ್ದು ಅವನ ತತ್ತ್ವಕ್ಕೆ ಹೊಂದದ ನಡೆ. ಎಷ್ಟೋ ಗೆಳೆಯರು ದೂರವಾದರು.

1917ರಲ್ಲಿ ತಾಯ್ನಾಡಿಗೆ ಮರಳಿದನು. ಒತ್ತೆಯಾಳುಗಳನ್ನು ಹಿಡಿಯುವ ಹೊಸ ಸರ್ಕಾರದ ಕ್ರಮವನ್ನು ಖಂಡಿಸಿ ಲೆನಿನ್ನನಿಗೇ ಪತ್ರ ಬರೆದನು. 1921ರ ಫೆಬ್ರವರಿ 8ರಂದು ದ್ಮಿತ್ರೋವ್ ಪಟ್ಟಣದಲ್ಲಿ ನಿಧನನಾದನು. ಸೆರೆಯಲ್ಲಿದ್ದ ಕೆಲವು ಅನುಯಾಯಿಗಳು ಅಂತ್ಯಯಾತ್ರೆಗೆಂದು ಒಂದು ದಿನದ ಬಿಡುಗಡೆ ಪಡೆದು, ಕೊಟ್ಟ ಮಾತಿನಂತೆ ಸೆರೆಮನೆಗೆ ಹಿಂದಿರುಗಿದರು.