ಲೂಯಿ ಬ್ರೈಲ್: ಗಾಯ ಒಂದು ಕಣ್ಣಿಗೆ, ಕತ್ತಲು ಎರಡಕ್ಕೂ

ಮನೆಯ ಚಿಲ್ಲರೆ ಡಬ್ಬಿಯನ್ನು ಕೆದಕಿದರೆ ನಿಮಗೆ 2009ರ ಎರಡು ರೂಪಾಯಿ ನಾಣ್ಯವೊಂದು ಸಿಗಬಹುದು. ಅದರ ಮೇಲೆ ಒಬ್ಬ ಫ್ರೆಂಚ್ ಮನುಷ್ಯನ ಮುಖವಿದೆ. ಲೂಯಿ ಬ್ರೈಲ್ ಹುಟ್ಟಿ 200 ವರ್ಷ ತುಂಬಿದಾಗ ಭಾರತ ಸರ್ಕಾರ ಹೊರತಂದ ನಾಣ್ಯ ಅದು. ಕಣ್ಣು ಕಾಣದವರಿಗೆ ಲಿಪಿ ಕೊಟ್ಟವರು ಎಂದು ಶಾಲೆಯಲ್ಲಿ ನೀವು ಓದಿರುತ್ತೀರಿ. ಆದರೆ ಬ್ರೈಲ್ ಹುಟ್ಟಿನಿಂದ ದೃಷ್ಟಿಹೀನರಲ್ಲ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಮೂರು ವರ್ಷದವರೆಗೆ ಅವರ ಎರಡು ಕಣ್ಣುಗಳೂ ಚೆನ್ನಾಗಿದ್ದವು. ಗಾಯವಾದದ್ದು ಒಂದಕ್ಕೆ ಮಾತ್ರ. ಹಾಗಿದ್ದರೂ ಐದನೇ ವಯಸ್ಸಿಗೆ ಎರಡೂ ಹೋಗಿದ್ದವು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಣ್ಣಿಗೆ ಪೆಟ್ಟಾಗಿದ್ದರೆ, ಅಥವಾ ಪುಟ್ಟ ಮಕ್ಕಳಿದ್ದರೆ, ಈ ಎರಡು ವರ್ಷಗಳಲ್ಲಿ ಏನಾಯಿತು ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಪ್ಯಾರಿಸ್ಸಿನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕೂವ್ರೇ ಎಂಬ ಹಳ್ಳಿ ಇದೆ. 1809ರ ಜನವರಿ 4ರಂದು ಲೂಯಿ ಹುಟ್ಟಿದ್ದು ಅಲ್ಲಿ, ನಾಲ್ಕು ಮಕ್ಕಳಲ್ಲಿ ಕೊನೆಯವನಾಗಿ. ತಂದೆ ಸಿಮೊಂ-ರೆನೆ ಕುದುರೆಗಳಿಗೆ ಜೀನು, ಲಗಾಮು ಹೊಲಿದುಕೊಡುವ ಕಸುಬಿನವರು. ಕೆಲಸದ ಕೋಣೆ ಮನೆಗೆ ಅಂಟಿಕೊಂಡೇ ಇತ್ತು. ಅಪ್ಪ ಮಾಡುವುದನ್ನೆಲ್ಲ ತಾನೂ ಮಾಡಬೇಕು ಎನ್ನುವ ವಯಸ್ಸು. 1812ರಲ್ಲಿ ಒಂದು ದಿನ ಮಗು ಚರ್ಮಕ್ಕೆ ತೂತು ಹಾಕುವ ಚೂಪು ಮೊನೆಯ ಹತಾರವನ್ನು, ನಮ್ಮ ದಬ್ಬಳದಂಥದ್ದನ್ನು, ಕೈಗೆತ್ತಿಕೊಂಡಿತು. ಅಪ್ಪನಂತೆಯೇ ಬಗ್ಗಿ, ಮುಖ ಹತ್ತಿರ ತಂದು ಚರ್ಮಕ್ಕೆ ಒತ್ತಿತು. ಹತಾರ ಜಾರಿ ಕಣ್ಣಿಗೆ ಚುಚ್ಚಿತು. ಅದು ಚಾಕು ಎಂದು ಬರೆದವರೂ ಇದ್ದಾರೆ. ವೈದ್ಯರ ದೃಷ್ಟಿಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮೊನೆಯುಳ್ಳ ವಸ್ತು ಕಣ್ಣುಗುಡ್ಡೆಯ ಗೋಡೆಯನ್ನೇ ಸೀಳಿತ್ತು ಎನ್ನುವುದು ಮುಖ್ಯ.

ತಂದೆತಾಯಿ ಅಲಕ್ಷ್ಯ ಮಾಡಲಿಲ್ಲ. ಊರಿನ ವೈದ್ಯರು ಪಟ್ಟಿ ಕಟ್ಟಿದರು, ಬಳಿಕ ಪ್ಯಾರಿಸ್ಸಿನ ಶಸ್ತ್ರವೈದ್ಯರಿಗೂ ತೋರಿಸಲಾಯಿತು. ಆದರೆ ಆ ಕಾಲವನ್ನು ಸ್ವಲ್ಪ ನೆನೆಯಿರಿ. ರೋಗಾಣುಗಳ ಬಗ್ಗೆ ಜಗತ್ತಿಗೆ ತಿಳಿಸಿಕೊಟ್ಟ ಲೂಯಿ ಪಾಶ್ಚರ್ ಹುಟ್ಟಿದ್ದೇ 1822ರಲ್ಲಿ. ಈಥರ್ ಕೊಟ್ಟು ರೋಗಿಯನ್ನು ಮಲಗಿಸಿ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಎಲ್ಲರಿಗೂ ಗೊತ್ತಾದದ್ದು 1846ರಲ್ಲಿ. ಹನಿ ಹಾಕಿ ಕಣ್ಣನ್ನು ಮರಗಟ್ಟಿಸುವ ವಿದ್ಯೆ ಬಂದದ್ದು 1884ರಲ್ಲಿ, ಪೆನಿಸಿಲಿನ್ ಕಣ್ಣಿಗೆ ಬಿದ್ದದ್ದು 1928ರಲ್ಲಿ. ಮೂರು ವರ್ಷದ ಮಗುವಿನ ಕಣ್ಣನ್ನು ಹೊಲಿಯುವುದಕ್ಕೆ 1812ರಲ್ಲಿ ಯಾವ ದಾರಿಯೂ ಇರಲಿಲ್ಲ. ಗಾಯಕ್ಕೆ ಸೋಂಕು ತಗುಲಿತು. ಆಮೇಲೆ, ಯಾವ ಪೆಟ್ಟೂ ಬೀಳದಿದ್ದ ಇನ್ನೊಂದು ಕಣ್ಣು ಕೆಂಪಗಾಗಿ, ಮಂಜಾಗುತ್ತ ಹೋಯಿತು. ದಿನದಿನಕ್ಕೂ ಬೆಳಕು ಕಡಿಮೆಯಾಗುತ್ತಿದ್ದುದು ಯಾಕೆಂದು ಅಷ್ಟು ಚಿಕ್ಕ ಮಗುವಿಗೆ ತಿಳಿಯುವ ಬಗೆ ಇರಲಿಲ್ಲ.

ಇನ್ನೊಂದು ಕಣ್ಣು ಯಾಕೆ ಹೋಯಿತು?

ಸೋಂಕು ಒಂದರಿಂದ ಇನ್ನೊಂದಕ್ಕೆ ಹರಡಿತು ಎಂದು ಹಳೆಯ ಜೀವನಚರಿತ್ರೆಗಳು ಹೇಳುತ್ತವೆ. ಇಂದಿನ ಅನೇಕ ನೇತ್ರವೈದ್ಯರು ಬೇರೆ ಕಾರಣವನ್ನು ಊಹಿಸುತ್ತಾರೆ. ಅದರ ಹೆಸರು ಸಿಂಪಥೆಟಿಕ್ ಆಫ್ತಾಲ್ಮಿಯಾ. ನಮ್ಮ ಕಣ್ಣಿನ ಒಳಪದರಗಳು ದೇಹದ ರೋಗನಿರೋಧಕ ಪಡೆಯ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ, ಗೋಡೆಯೊಳಗೆ ಬಚ್ಚಿಟ್ಟಂತೆ ಇರುತ್ತವೆ. ಗೋಡೆ ಸೀಳಿದಾಗ ಒಳಗಿನ ವಸ್ತು ಹೊರಗೆ ಬಂದು ಆ ಪಡೆಯ ಕೈಗೆ ಸಿಗುತ್ತದೆ. ಪಡೆ ಅದನ್ನು ಹೊರಗಿನವನೆಂದು ತಪ್ಪು ತಿಳಿಯುತ್ತದೆ. ಮತ್ತೆ ಅಂಥದೇ ವಸ್ತು ಇರುವ ಇನ್ನೊಂದು ಕಣ್ಣಿನ ಮೇಲೂ ದಾಳಿ ಮಾಡುತ್ತದೆ.

ಇದು ಅಪರೂಪದ ತೊಂದರೆ. ಕಣ್ಣಿಗೆ ಗಾಯವಾದವರಲ್ಲಿ ಬಹುಪಾಲು ಜನರಿಗೆ ಇದು ಬರುವುದಿಲ್ಲ, ಹಾಗಾಗಿ ಓದಿ ಗಾಬರಿಯಾಗಬೇಡಿ. ಆದರೆ ಇದು ಬರುವುದು ಹೆಚ್ಚಾಗಿ ಗಾಯವಾದ ಕೆಲವು ವಾರಗಳಿಂದ ಒಂದು ವರ್ಷದೊಳಗೆ. ಅಪರೂಪಕ್ಕೆ ಎಷ್ಟೋ ವರ್ಷಗಳ ಮೇಲೂ ಬರಬಹುದು. ಆ ಹೊತ್ತಿಗೆ ಹೊಲಿಗೆ ಮಾಸಿರುತ್ತದೆ, ವೈದ್ಯರು ಕೊಟ್ಟ ತಾರೀಕಿಗೆ ಹೋಗುವುದನ್ನು ಮನೆಯವರು ಬಿಟ್ಟಿರುತ್ತಾರೆ. ಅದಕ್ಕೇ ಇದು ಅಪಾಯ. ಚೆನ್ನಾಗಿರುವ ಕಣ್ಣಿಗೆ ಬೆಳಕು ಚುಚ್ಚಿದಂತಾಗುವುದು, ಕೆಂಪಾಗುವುದು, ನೋಯುವುದು, ಹತ್ತಿರದ ಅಕ್ಷರ ಮಂಜಾಗುವುದು ಕಂಡರೆ ಅದೇ ದಿನ ತೋರಿಸಿ, ಹಿಂದೆ ಇನ್ನೊಂದು ಕಣ್ಣಿಗೆ ಗಾಯವಾಗಿತ್ತು ಎಂಬುದನ್ನು ಮರೆಯದೆ ಹೇಳಿ. ಈಗ ಸ್ಟೀರಾಯ್ಡ್ ಮತ್ತು ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳಿವೆ. ಬೇಗ ಶುರು ಮಾಡಿದರೆ ಎಷ್ಟೋ ಜನರ ದೃಷ್ಟಿ ಉಳಿಯುತ್ತದೆ. ಬ್ರೈಲ್ ಅವರ ಪಾಲಿಗೆ ಅದು ಇರಲಿಲ್ಲ.

ಇಂದು ಅದೇ ಗಾಯವಾದರೆ

ಜೀನು ಹೊಲಿಯುವ ಮನೆಗಳು ಈಗ ಕಡಿಮೆ. ಕೈವಾರದ ಮುಳ್ಳು, ಪೆನ್ಸಿಲ್, ಪೊರಕೆ ಕಡ್ಡಿಯ ಬಿಲ್ಲುಬಾಣ, ದೀಪಾವಳಿಯ ಪಟಾಕಿ, ಸುತ್ತಿಗೆ ಬಡಿಯುವಾಗ ಸಿಡಿಯುವ ಕಬ್ಬಿಣದ ಚೂರು ಮಾತ್ರ ಎಲ್ಲ ಊರಿನಲ್ಲೂ ಇವೆ. ಕಣ್ಣಿಗೆ ಏನಾದರೂ ಚುಚ್ಚಿದಾಗ ನಮ್ಮ ಕೈ ತಾನಾಗಿ ಮಾಡುವ ಕೆಲಸಗಳೆಲ್ಲ ತಪ್ಪು: ಉಜ್ಜುವುದು, ಒತ್ತಿ ಹಿಡಿಯುವುದು, ನೀರು ಎರಚುವುದು, ಚುಚ್ಚಿಕೊಂಡದ್ದನ್ನು ಕೀಳುವುದು. ಸೀಳಿದ ಕಣ್ಣನ್ನು ಒತ್ತಿದರೆ ಒಳಗಿನದು ಹೊರಗೆ ಬರುತ್ತದೆ. ಕಾಗದದ ಲೋಟದ ತಳವನ್ನು ಕತ್ತರಿಸಿ, ಅದನ್ನು ಕಣ್ಣಿನ ಸುತ್ತಲ ಮೂಳೆಯ ಮೇಲೆ ಕೂರುವಂತೆ ಇಟ್ಟು ಟೇಪು ಹಚ್ಚಿ. ಲೋಟ ಕಣ್ಣಿಗೆ ತಾಗಬಾರದು. ಹನಿ, ಮುಲಾಮು, ಎದೆಹಾಲು, ತುಪ್ಪ, ಪನ್ನೀರು ಯಾವುದೂ ಬೇಡ. ಅಜ್ಜಿ ಹೇಳಿದರೂ ಬೇಡ. ತಿನ್ನಲು, ಕುಡಿಯಲು ಏನೂ ಕೊಡಬೇಡಿ, ಏಕೆಂದರೆ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡಬೇಕಾಗಬಹುದು. ಸೀಳಿದ ಕಣ್ಣನ್ನು ಸಾಧ್ಯವಾದಷ್ಟೂ 24 ಗಂಟೆಯೊಳಗೆ ಹೊಲಿಯಬೇಕೆಂದು ವೈದ್ಯರು ಬಯಸುತ್ತಾರೆ. ತಡವಾದಷ್ಟೂ ಒಳಗೆ ಸೋಂಕು ಇಳಿಯುವ ಭಯ ಹೆಚ್ಚು.

ಗಾಯ ಸಣ್ಣದಾಗಿ ಕಂಡರೆ ಮೋಸಹೋಗಬೇಡಿ. ಕಣ್ಣಿನ ಕಪ್ಪು ಪಾಪೆ ದುಂಡಗಿರದೆ ಒಂದು ಕಡೆಗೆ ಎಳೆದಂತಿದ್ದರೆ, ಬಿಳಿಗುಡ್ಡೆಯ ಮೇಲೆ ಕಪ್ಪಗಿನ ಏನೋ ಇಣುಕುತ್ತಿದ್ದರೆ, ದೃಷ್ಟಿ ಇದ್ದಕ್ಕಿದ್ದಂತೆ ತಗ್ಗಿದ್ದರೆ ಗೋಡೆ ಸೀಳಿದೆ ಎಂದೇ ತಿಳಿಯಿರಿ. ಲೋಹದ ಚೂರು ಸಿಡಿದಿದ್ದರೆ ಆಸ್ಪತ್ರೆಯಲ್ಲಿ ಮೊದಲೇ ಹೇಳಿ. ಅಂಥವರಿಗೆ ಎಂಆರ್‌ಐ ಮಾಡಬಾರದು, ಅದರ ಅಯಸ್ಕಾಂತ ಚೂರನ್ನು ಕಣ್ಣೊಳಗೆ ಸರಿಸಬಹುದು.

ಒಂದೇ ಒಂದು ಸಂದರ್ಭದಲ್ಲಿ ಮಾತ್ರ ಇದೆಲ್ಲ ತಿರುಗುಮುರುಗು. ಸುಣ್ಣ, ಆಸಿಡ್, ಶೌಚಾಲಯ ತೊಳೆಯುವ ದ್ರಾವಣ ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲು ನೀರು. ನಲ್ಲಿಯ ಕೆಳಗೆ ಮುಖವಿಟ್ಟು, ರೆಪ್ಪೆ ಅಗಲಿಸಿ, ಕಡಿಮೆಯೆಂದರೆ 20 ನಿಮಿಷ ತೊಳೆಯಿರಿ. ಎಲೆಅಡಿಕೆ ಜತೆಗಿನ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಚುಕಿ ಅದು ಕಣ್ಣಿಗೆ ಸಿಡಿಯುವುದು ನಮ್ಮ ದೇಶದ ಕಣ್ಣಾಸ್ಪತ್ರೆಗಳಿಗೆ ಚೆನ್ನಾಗಿ ಗೊತ್ತಿರುವ ದುರಂತ. ಸುಣ್ಣ ಕಣ್ಣಿನ ಪದರಗಳೊಳಗೆ ಇಳಿಯುತ್ತಲೇ ಹೋಗುತ್ತದೆ, ಮೂಲೆಯಲ್ಲಿ ಒಂದು ಹರಳು ಉಳಿದರೂ ಸಾಕು. ಆ ಪೊಟ್ಟಣ ಮಗುವಿನ ಕೈಗೆ ಎಟುಕದಂತೆ ಇಂದೇ ಎತ್ತಿಡಿ.

ಗಾಯವೇ ಇಲ್ಲದೆಯೂ ಕಣ್ಣು ತುರ್ತಾಗಬಹುದು. ಕಪ್ಪು ಚುಕ್ಕೆಗಳು ಸುರಿದಂತೆ, ಮಿಂಚು ಹೊಡೆದಂತೆ, ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ ಅಕ್ಷಿಪಟಲ ಕಳಚುತ್ತಿರಬಹುದು. ಕಣ್ಣು ಕೆಂಪಾಗಿ, ತಲೆ ಸಿಡಿಯುವಂತೆ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು ಕಂಡರೆ ಕಣ್ಣಿನ ಒತ್ತಡ ಏರಿರಬಹುದು. ಇದನ್ನು ಪಿತ್ತ, ಅರೆತಲೆನೋವು ಎಂದು ತಳ್ಳಿಹಾಕಿ ರಾತ್ರಿ ಕಳೆಯುವವರೇ ಹೆಚ್ಚು. ನೋವಿಲ್ಲದೆ ಒಂದು ಕಣ್ಣು ಥಟ್ಟನೆ ಕತ್ತಲಾದರೆ ಅದು ಕಣ್ಣಿನ ರಕ್ತನಾಳ ಕಟ್ಟಿಕೊಂಡದ್ದಿರಬಹುದು, ಮಿದುಳಿನ ಪಾರ್ಶ್ವವಾಯುವಿನ ಅಣ್ಣತಮ್ಮ ಇದ್ದಂತೆ. ಅಲ್ಲಿ ಲೆಕ್ಕ ಗಂಟೆಗಳದ್ದು, ಕೆಲವೊಮ್ಮೆ ನಿಮಿಷಗಳದ್ದು. ನೋವಿಲ್ಲವಲ್ಲ, ನಾಳೆ ನೋಡೋಣ ಎಂಬ ಮಾತು ಇಲ್ಲಿ ಬಹಳ ದುಬಾರಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಹನಿಯಲ್ಲಿ ಸ್ಟೀರಾಯ್ಡ್ ಇರಬಹುದು. ಹುಲ್ಲು, ಎಲೆ ತಾಗಿ ಕಣ್ಣಿನಲ್ಲಿ ಶಿಲೀಂಧ್ರ ಬೆಳೆದಿದ್ದರೆ ಅದು ಬೆಂಕಿಗೆ ಎಣ್ಣೆ.

ಊರು ಬಿಟ್ಟು ಬಂದವರಿಗೆ ರಾತ್ರಿ ಹತ್ತರ ಮೇಲೆ ಎಲ್ಲಿಗೆ ಹೋಗಬೇಕು ಎಂಬುದೇ ದೊಡ್ಡ ಪ್ರಶ್ನೆ. ದೆಹಲಿಯ ಏಮ್ಸ್‌ನಲ್ಲಿ ಡಾ. ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರವಿದೆ, ಹೈದರಾಬಾದಿನಲ್ಲಿ ಸರೋಜಿನಿ ದೇವಿ ಕಣ್ಣಾಸ್ಪತ್ರೆ, ಚೆನ್ನೈನ ಎಗ್ಮೋರಿನಲ್ಲಿ ಸರ್ಕಾರಿ ಕಣ್ಣಾಸ್ಪತ್ರೆ, ಮುಂಬೈಯಲ್ಲಿ ಜೆ.ಜೆ., ಪುಣೆಯಲ್ಲಿ ಸಸೂನ್. ನಿಮ್ಮ ಮನೆಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ನೇತ್ರವೈದ್ಯರು ಇರುತ್ತಾರೆ ಎಂದು ಹಗಲಿನಲ್ಲೇ ಫೋನು ಮಾಡಿ ಕೇಳಿ ಬರೆದಿಟ್ಟುಕೊಳ್ಳಿ. ತುರ್ತಿಗೆ ದೇಶವಿಡೀ 112 ಇದೆ. ಮರಾಠಿಯೋ ತಮಿಳೋ ಸರಿಯಾಗಿ ಬಾರದಿದ್ದರೂ ಮೂರು ಸಂಗತಿ ಹೇಳಿದರೆ ಸಾಕು: ಏನು ಆಯಿತು, ಎಷ್ಟು ಗಂಟೆಗೆ ಆಯಿತು, ಮೊದಲು ಆ ಕಣ್ಣು ಹೇಗಿತ್ತು. ಸಕ್ಕರೆ, ಬಿಪಿ ಮಾತ್ರೆಗಳ ಚೀಟಿ ಇದ್ದರೆ ಜತೆಗಿರಲಿ.

ಮುಂದಿನ ನಲವತ್ತು ವರ್ಷ

ಎಗ್ಮೋರಿನ ಆಸ್ಪತ್ರೆ ಆರಂಭವಾದದ್ದು 1819ರಲ್ಲಿ. ಕಾಕತಾಳೀಯವೆಂದರೆ ಹತ್ತು ವರ್ಷದ ಲೂಯಿ ಪ್ಯಾರಿಸ್ಸಿನ ರಾಯಲ್ ಅಂಧ ಮಕ್ಕಳ ಶಾಲೆಗೆ ಸೇರಿದ್ದೂ ಅದೇ ವರ್ಷ. ಅದಕ್ಕೆ ಮೊದಲೇ ಮನೆಯವರು ಮಾಡಿದ ಕೆಲಸವನ್ನು ಆರೈಕೆ ಮಾಡುವ ನೀವು ಗಮನಿಸಬೇಕು. ಅವರು ಮಗುವನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಊರಿನಲ್ಲಿ ಓಡಾಡಲು ಅಪ್ಪ ಕೋಲು ಮಾಡಿಕೊಟ್ಟರು, ಊರಿನ ಪಾದ್ರಿ ಪಾಠ ಹೇಳಿದರು, ಕಾಣುವ ಮಕ್ಕಳ ಜತೆಗೇ ಶಾಲೆಗೆ ಕಳುಹಿಸಿದರು.

ಪ್ಯಾರಿಸ್ಸಿನ ಶಾಲೆ ವ್ಯಾಲೆಂಟಿನ್ ಅಯುಯಿ ಕಟ್ಟಿದ್ದು. ಕಟ್ಟಡ ಹಳೆಯದು, ತೇವ ಹಿಡಿದದ್ದು. ಅಲ್ಲಿ ಮಾಮೂಲಿ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿದ ಪುಸ್ತಕಗಳಿದ್ದವು. ಹೊರಲಾರದಷ್ಟು ಭಾರ, ಓದಲು ನಿಧಾನ. ಮಕ್ಕಳು ತಾವಾಗಿ ಬರೆಯುವಂತೆಯೂ ಇರಲಿಲ್ಲ. 1821ರಲ್ಲಿ ಶಾರ್ಲ್ ಬಾರ್ಬಿಯೇ ಎಂಬ ಮಾಜಿ ಸೇನಾಧಿಕಾರಿಯ ಚುಕ್ಕೆಗಳ ಬರಹ ಶಾಲೆಗೆ ಬಂತು. ಒಂದು ಗುರುತಿಗೆ ಹನ್ನೆರಡು ಚುಕ್ಕೆ, ಬೆರಳ ತುದಿಗೆ ಒಮ್ಮೆಲೇ ಸಿಗದಷ್ಟು ದೊಡ್ಡದು. ಬ್ರೈಲ್ ಅದನ್ನು ಆರಕ್ಕೆ ಇಳಿಸಿದರು. 1824ರ ಹೊತ್ತಿಗೆ, ಹದಿನೈದನೇ ವಯಸ್ಸಿಗೆ, ಲಿಪಿ ಹೆಚ್ಚುಕಡಿಮೆ ಸಿದ್ಧವಾಗಿತ್ತು. 1829ರಲ್ಲಿ ಪುಸ್ತಕವಾಗಿ ಬಂತು. ಕಾಗದದ ಮೇಲೆ ಆ ಚುಕ್ಕೆಗಳನ್ನು ಒತ್ತುವ ಸಾಧನ ಮರದ ಹಿಡಿಯ, ಮೊನೆಯುಳ್ಳ ಒಂದು ಕಡ್ಡಿ. ಅಪ್ಪನ ಹತಾರದ ಹೋಲಿಕೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಬೆರಳ ತುದಿಗೆ ಒಮ್ಮೆಲೇ ಸಿಗುವ, ಓದುವವರೇ ಬರೆಯಲೂ ಆಗುವ ಲಿಪಿಯನ್ನು ಕಣ್ಣಿದ್ದ ದೊಡ್ಡವರಾರೂ ಕೊಡದೆ ಒಬ್ಬ ವಿದ್ಯಾರ್ಥಿ ಕೊಟ್ಟದ್ದು.

ಬ್ರೈಲ್ ಅದೇ ಶಾಲೆಯಲ್ಲಿ ಮೇಷ್ಟರಾದರು, ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸಿದರು. ಇಪ್ಪತ್ತರ ಹರೆಯದಲ್ಲೇ ಕ್ಷಯ ಅಂಟಿತು. ಅದಕ್ಕೂ ಆಗ ಮದ್ದಿರಲಿಲ್ಲ. ನಡುವೆ ಶಾಲೆಯ ಆಡಳಿತವೇ ಲಿಪಿಯನ್ನು ದೂರವಿಟ್ಟ ಕಾಲವೂ ಇತ್ತು, ಮಕ್ಕಳು ಮಾತ್ರ ಬಿಡಲಿಲ್ಲ. 1852ರ ಜನವರಿ 6ರಂದು, 43 ತುಂಬಿದ ಎರಡನೇ ದಿನಕ್ಕೆ, ಬ್ರೈಲ್ ತೀರಿಕೊಂಡರು. ಶಾಲೆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ನೂರು ವರ್ಷದ ಮೇಲೆ, 1952ರಲ್ಲಿ, ಅವರ ಅವಶೇಷಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯನ್‌ಗೆ ಸಾಗಿಸಿದಾಗ ಕೂವ್ರೇ ಊರಿನವರು ಕೈಗಳನ್ನು ತಮ್ಮಲ್ಲೇ ಉಳಿಸಿಕೊಂಡರು.

ನಿಮ್ಮ ಮನೆಯವರ ದೃಷ್ಟಿ ಈಗಾಗಲೇ ಹೋಗಿದ್ದರೆ, ವೈದ್ಯರು ಇನ್ನು ಚಿಕಿತ್ಸೆ ಇಲ್ಲ ಎಂದಿದ್ದರೆ, ಪುನರ್ವಸತಿಯ ಬಗ್ಗೆ ಅದೇ ಆಸ್ಪತ್ರೆಯಲ್ಲಿ ಕೇಳಿ. ಅಂಗವಿಕಲರ ಗುರುತಿನ ಚೀಟಿ, ಕೋಲು ಹಿಡಿದು ನಡೆಯುವ ತರಬೇತಿ, ಬ್ರೈಲ್ ಕಲಿಕೆ ಎಲ್ಲಕ್ಕೂ ದಾರಿ ಅಲ್ಲಿಂದ ಸಿಗುತ್ತದೆ. ಡೆಹ್ರಾಡೂನಿನಲ್ಲಿ ಇದಕ್ಕಾಗಿಯೇ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಭಾಷೆಯ ಚಿಂತೆ ಬೇಡ. 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್‌ನಲ್ಲಿ ನಮ್ಮ ಭಾಷೆಗಳ ಒಂದೇ ಧ್ವನಿಗೆ ಬಹುಮಟ್ಟಿಗೆ ಒಂದೇ ಗುರುತು. ಕನ್ನಡದ ಕ ಎಂದರೆ ಎಡಸಾಲಿನ ಮೇಲಿನ ಚುಕ್ಕೆ ಮತ್ತು ಕೆಳಗಿನ ಚುಕ್ಕೆ. ಪುಣೆಯ ಮರಾಠಿ ಹುಡುಗಿಗೂ, ಚೆನ್ನೈನ ತಮಿಳು ಹುಡುಗನಿಗೂ ಕ ಅದೇ ಎರಡು ಚುಕ್ಕೆ.