ಅಶೋಕನಿಗೆ ಜಾತ್ರೆಯ ಗದ್ದಲ ಯಾಕೆ ಆಗಿಬರಲಿಲ್ಲ?

ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರಿರಲಿ, ಗೌರಸಮುದ್ರದ ಮಾರಮ್ಮನ ಜಾತ್ರೆಯಿರಲಿ, ಉರುಮೆ-ತಮಟೆ ಶುರುವಾದ ಮೇಲೆ ಕಾಲು ನಮ್ಮ ಮಾತು ಕೇಳೋದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಈಗ ಅದರ ಪಕ್ಕದಲ್ಲೇ ಟ್ರ್ಯಾಕ್ಟರ್ ಮೇಲೆ ಡಿಜೆ ಬಂದು ನಿಂತಿದೆ. ಎದೆಗೂಡು ಅದುರಿಸುವ ಹಾಡು, ಬೆವರಿಳಿಸಿಕೊಂಡು ಕುಣಿಯೋ ಹುಡುಗರು. ಹಿಂದೆಯೇ ರಾತ್ರಿ ಹತ್ತರ ಗಡುವು, ಗಣೇಶನ ಹಬ್ಬ ಬಂತೆಂದರೆ ಅಲ್ಲಲ್ಲಿ ಡಿಜೆ ನಿಷೇಧದ ಆದೇಶ. ಧ್ವನಿವರ್ಧಕಕ್ಕೆ ಸಮಯದ ಮಿತಿ ಹಾಕಿದ ಕೇಂದ್ರದ ಶಬ್ದಮಾಲಿನ್ಯ ನಿಯಮ ಬಂದಿದ್ದು 2000ದಲ್ಲಿ. ಆದರೆ ಜಗಳ ಅಷ್ಟು ಹೊಸದಲ್ಲ. ಜನ ಗುಂಪುಗೂಡಿ ಹಾಡಿ ಕುಣಿಯೋದನ್ನು ಕಂಡು ಮುಖ ಸಿಂಡರಿಸಿ, ಅದನ್ನು ಬಂಡೆಯ ಮೇಲೂ ಕೆತ್ತಿಸಿದ ದೊರೆಯೊಬ್ಬನಿದ್ದ. ಅವನ ಮೂರು ಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇವೆ: ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ.

ಅವನೇ ಅಶೋಕ. ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ಕ್ರಿ.ಪೂ. 268ರ ಸುಮಾರಿಗೆ ಪಾಟಲಿಪುತ್ರದಲ್ಲಿ ಪಟ್ಟಕ್ಕೆ ಬಂದ. ಪಟ್ಟಕ್ಕಾಗಿ ಅಣ್ಣತಮ್ಮಂದಿರನ್ನೆಲ್ಲ ಕೊಂದ ಅಂತ ಬೌದ್ಧ ಕಥೆಗಳು ಹೇಳುತ್ತವೆ. ಮೊದಲು ರಾಕ್ಷಸನನ್ನಾಗಿ ಮಾಡಿದರೆ ಆಮೇಲಿನ ಪರಿವರ್ತನೆ ಇನ್ನಷ್ಟು ಹೊಳೆಯುತ್ತದಲ್ಲ, ಹಾಗಾಗಿ ಇದನ್ನು ಪೂರ್ತಿ ನಂಬೋದು ಕಷ್ಟ. ಕಳಿಂಗದ ಲೆಕ್ಕ ಮಾತ್ರ ಅವನದೇ. ಪಟ್ಟವಾಗಿ ಎಂಟು ವರ್ಷಕ್ಕೆ ನಡೆದ ಆ ಯುದ್ಧದಲ್ಲಿ 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು ಎಂದು ಕಲ್ಲಿನ ಮೇಲೆ ಬರೆಸಿ ಪಶ್ಚಾತ್ತಾಪಪಟ್ಟ. ಸೋತವರ ಹೆಣ ಎಣಿಸಿ ಮರುಗಿದ ದೊರೆಗಳು ಚರಿತ್ರೆಯಲ್ಲಿ ಬಹಳ ಕಮ್ಮಿ. ಅದೇ ಶಾಸನದಲ್ಲಿ ಕಾಡಿನ ಜನರಿಗೆ ಒಂದು ಎಚ್ಚರಿಕೆಯೂ ಇದೆ: ದೊರೆ ಮರುಗಿದ್ದಾನೆ ನಿಜ, ಆದರೆ ಅವನ ಕೈಯಲ್ಲಿ ಬಲ ಇನ್ನೂ ಇದೆ, ನೆನಪಿರಲಿ. ನಾವು ಶಾಲೆಯಲ್ಲಿ ಓದಿದ ಪಾಠದಲ್ಲಿ ಈ ಭಾಗ ಇರಲಿಲ್ಲ.

ಯುದ್ಧ ಬಿಟ್ಟ ಮೇಲೆ ಅವನ ರಾಜ್ಯದ ಸದ್ದೇ ಬದಲಾಯಿತು. ಅಥವಾ ಬದಲಾಯಿತು ಅಂತ ಅವನು ಹೇಳಿಕೊಂಡ. ಪಟ್ಟವಾಗಿ 12 ವರ್ಷಕ್ಕೆ ಬರೆಸಿದ ಶಾಸನವೊಂದರ ಪ್ರಕಾರ ಭೇರಿಯ ಘೋಷ ಹೋಗಿ ಧಮ್ಮದ ಘೋಷ ಬಂತು. ಅರಮನೆಯ ಅಡುಗೆಮನೆಗೆ ದಿನವೂ ಲೆಕ್ಕವಿಲ್ಲದಷ್ಟು ಪ್ರಾಣಿಗಳನ್ನು ಕಡಿಯುತ್ತಿದ್ದುದು ನಿಂತು, ಎರಡು ನವಿಲು, ಒಂದು ಜಿಂಕೆಗೆ ಇಳಿಯಿತು. ಜಿಂಕೆಯೂ ದಿನಾ ಇಲ್ಲ! ಇದನ್ನು ಹೇಳುವ ಶಾಸನದಲ್ಲೇ ಇನ್ನೊಂದು ಆಜ್ಞೆ ಇದೆ. ಸಮಾಜ ನಡೆಸಬಾರದು.

ಇಲ್ಲಿ ಸಮಾಜ ಅಂದರೆ ಇವತ್ತು ನಾವು ಜಾತಿ ಸಂಘಗಳ ಬೋರ್ಡಿನ ಮೇಲೆ ಬರೆಯೋ ಸಮಾಜ ಅಲ್ಲ. ಜನ ಒಂದೆಡೆ ನೆರೆಯುವ ಉತ್ಸವ. ಪಾಳಿ ಗ್ರಂಥಗಳಲ್ಲಿ ಇದೇ ಮಾತು ಸಮಜ್ಜ ಎಂದು ಬರುತ್ತದೆ. ರಾಜಗೃಹದ ಬೆಟ್ಟದ ಮೇಲೆ ಹಾಡು, ಕುಣಿತ, ವಾದ್ಯ ಸೇರಿ ನಡೆಯುತ್ತಿದ್ದ ಜಾತ್ರೆಯ ಹೆಸರದು. ಇಂಥದ್ದರಲ್ಲಿ ದೊರೆಗೆ ದೋಷಗಳೇ ಕಂಡವು. ಪ್ರಾಣಿಬಲಿ ಅದಕ್ಕೆ ಒಂದು ಕಾರಣ ಇರಬಹುದು, ಆಜ್ಞೆ ಬರುವುದೂ ಬಲಿಯ ನಿಷೇಧದ ಜೊತೆಗೇ. ಅಷ್ಟೇನಾ? ನನಗೆ ಅನುಮಾನ. ಯಾಕಂದ್ರೆ ಕೆಲವು ಸಮಾಜಗಳು ಒಳ್ಳೆಯವು ಅಂತ ಅವನೇ ವಿನಾಯಿತಿ ಕೊಡುತ್ತಾನೆ. ಒಳ್ಳೆಯದು ಯಾವುದು ಅಂತ ತೀರ್ಮಾನಿಸೋದು ದೊರೆ. ಭೇರಿ ನಿಂತಿತು ಎನ್ನುವ ಶಾಸನದಲ್ಲೇ ಅವನು ಜನರಿಗೆ ಆನೆಗಳು, ವಿಮಾನಗಳು, ಬೆಂಕಿಯ ರಾಶಿಗಳ ಪ್ರದರ್ಶನ ಏರ್ಪಡಿಸಿದ ವಿವರವೂ ಇದೆ. ಅಂದರೆ ಜನ ತಾವಾಗಿ ನೆರೆದರೆ ದೋಷ, ಸರ್ಕಾರವೇ ನೆರೆಸಿದರೆ ಧಮ್ಮ. ಇವತ್ತಿನ ಪರ್ಮಿಷನ್ ವ್ಯವಹಾರ ಬಲ್ಲವರಿಗೆ ಇದು ಬಿಡಿಸಿ ಹೇಳಬೇಕಾದ ಮಾತೇನಲ್ಲ.

ಮೊಳಕಾಲ್ಮೂರಿನ ಬಂಡೆಗಳ ಮೇಲಿರುವ ಅಶೋಕ ಇಷ್ಟು ಬಿಗಿ ಮನುಷ್ಯನಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳ ಮೂಲಕ ಇಸಿಲದ ಅಧಿಕಾರಿಗಳಿಗೆ ಬಂದ ಸಂದೇಶ ಇದು, ಮೊದಲು ಅವರ ಆರೋಗ್ಯ ವಿಚಾರಿಸಿಯೇ ಶುರುವಾಗುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದರೂ ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಹಾಕಲಿಲ್ಲ ಅಂತ ದೊರೆ ಇಲ್ಲಿ ಒಪ್ಪಿಕೊಳ್ಳುತ್ತಾನೆ. ದೊಡ್ಡವರಿಗಷ್ಟೇ ಅಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ ಅನ್ನುತ್ತಾನೆ. ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆಯಿರಲಿ, ನಿಜ ಹೇಳಿ. ಸ್ವರ್ಗ ಬ್ರಾಹ್ಮಣರ ಯಜ್ಞದ ಗುತ್ತಿಗೆಯಲ್ಲ ಅನ್ನೋ ಅರ್ಥದಲ್ಲಿ ಓದಿದರೆ ಸಣ್ಣ ಮಾತಲ್ಲ ಇದು.

ಆದರೆ ಓದು ಬಾರದ ಜನಕ್ಕೆ, ಅದೂ ಪ್ರಾಕೃತದಲ್ಲಿರೋ ಮಾತನ್ನು, ಮುಟ್ಟಿಸೋದು ಹೇಗೆ? ಉತ್ತರ ಗಡಿಯಾಚೆ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಮೊಳಕಾಲ್ಮೂರಿನಲ್ಲಿರುವ ಉಪದೇಶವೇ ಅಲ್ಲಿ ಇನ್ನಷ್ಟು ಉದ್ದವಾಗಿ ಸಿಗುತ್ತದೆ. ರಾಜುಕನೆಂಬ ಅಧಿಕಾರಿ ಭೇರಿ ಬಾರಿಸಿ ಹಳ್ಳಿಯ ಜನಕ್ಕೆ ಇದನ್ನು ಆಜ್ಞಾಪಿಸಬೇಕು ಅನ್ನೋ ಸೂಚನೆ ಅದರಲ್ಲಿದೆ. ತಮಾಷೆ ಏನಂದ್ರೆ, ಭೇರಿಯ ಘೋಷ ಹೋಯಿತು ಎನ್ನುವ ಶಾಸನವೂ, ಸಮಾಜ ಬೇಡ ಎನ್ನುವ ಶಾಸನವೂ ಅದೇ ಎರ್ರಗುಡಿಯಲ್ಲಿವೆ. ದೊರೆಗೆ ಭೇರಿ ಬೇಕಿತ್ತು, ಅದರ ಸದ್ದಿಗೆ ಬರುವ ಕುಣಿತ ಬೇಕಿರಲಿಲ್ಲ.

ಕ್ರಿ.ಪೂ. 232ರ ಸುಮಾರಿಗೆ ಅಶೋಕ ತೀರಿಕೊಂಡ. ಅರ್ಧ ಶತಮಾನದಲ್ಲಿ ವಂಶವೂ ಮುಗಿಯಿತು. ಅವನ ಲಿಪಿ ಓದಲು ಬರುವವರೇ ಇಲ್ಲವಾದರು. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗಂಟು ಬಿಡಿಸಿದ್ದು 1837ರಲ್ಲಿ, ಬಿ.ಎಲ್. ರೈಸ್ ನಮ್ಮ ಮೂರು ಬಂಡೆಗಳನ್ನು ಪತ್ತೆ ಮಾಡಿದ್ದು 1892ರಲ್ಲಿ. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅಶೋಕನೇ ಅಂತ ಖಚಿತವಾಗೋಕೆ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿ ಶಾಸನ ಸಿಗಬೇಕಾಯಿತು. ಅಲ್ಲಿಯತನಕ ಈ ಸೀಮೆಯ ದನಕುರಿ ಕಾಯೋರಿಗೆ ಅವು ಬರೀ ಗೀಚು ಬಿದ್ದ ಕಲ್ಲುಗಳು. ಉರುಮೆ-ತಮಟೆಗೆ ಮಾತ್ರ ಯಾವ ಪ್ರಿನ್ಸೆಪ್ಪನೂ ಬೇಕಾಗಲಿಲ್ಲ.

ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನ ಹೆಸರಿದೆ. ಲಿಪಿಕಾರ ಅನ್ನೋ ತನ್ನ ಕಸುಬಿನ ಹೆಸರನ್ನು ಆತ ವಾಯುವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಊರೂರಲ್ಲಿ ಭೇರಿ ಬಾರಿಸಿ ಈ ಮಾತನ್ನು ಜನರ ಕಿವಿಗೆ ಹಾಕಿದವರ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ಆಮೇಲಿನ ಕಾಲದಲ್ಲಿ ಡಂಗುರ ಸಾರುವ ಕೆಲಸ ಯಾವ ಕೇರಿಯವರ ಹೆಗಲಿಗೆ ಬಿತ್ತು, ಇವತ್ತು ತೇರಿನ ಮುಂದೆ ತಮಟೆ ಬಾರಿಸೋರು ಯಾರು, ಗುಡಿಯ ಒಳಗೆ ನಿಲ್ಲೋರು ಯಾರು ಅನ್ನೋದು ಆ ಜಾತ್ರೆಗಳಿಗೆ ಹೋದವರಿಗೆ ಗೊತ್ತು.